ಆಲ್ಡವೀರಿಗೆ ಹೊರಟ ಮುದುಕ

ಗದಗಿನ ಬಸಮ್ಮ ಶೆಫೀಲ್ಡಿನ ಬ್ರೂಮ್‌ಹಿಲ್‌ನಲ್ಲಿ, ವಯಸ್ಸಾದವರ ಕೇರ್ ಹೋಮ್ ಒಂದರಲ್ಲಿ ನರ್ಸ್ ಆಗಿದ್ದಳು. 2014ರ ಚಳಿಗಾಲದಲ್ಲಿ ಅಲ್ಲಿಗೆ ವೀಬ ಎಂಬ ಡಚ್ ಮುದುಕ ಬಂದ. ಹರೆಯದಲ್ಲೇ ಇಂಗ್ಲೆಂಡಿಗೆ ಬಂದು, ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಮರೆವಿನ ಕಾಯಿಲೆ ಅವನ ಶೆಫೀಲ್ಡನ್ನೆಲ್ಲ ಅಳಿಸಿಹಾಕಿತ್ತು. ಉಳಿದದ್ದು ಹುಟ್ಟಿದೂರು ಆಲ್ಡವೀರ್ ಒಂದೇ.

ಸಂಜೆಯಾದರೆ ಸಾಕು, ಕೋಟು ತೊಟ್ಟು ಬಾಗಿಲ ಬಳಿ ನಿಲ್ಲುತ್ತಿದ್ದ. "ಅಮ್ಮ ಕಾಯ್ತಿರ್ತಾಳೆ, ಮನೆಗೆ ಹೋಗ್ಬೇಕು." ನಿಮ್ಮಮ್ಮ ತೀರಿಹೋಗಿ ಎಷ್ಟೋ ಕಾಲವಾಯಿತು ಎಂದು ಯಾರಾದರೂ ಹೇಳಿದರೆ, ಆಗಷ್ಟೇ ಸುದ್ದಿ ಕೇಳಿದವನಂತೆ ಗೋಳಾಡುತ್ತಿದ್ದ. ಬಸಮ್ಮನಿಗೆ ಅದನ್ನು ನೋಡಲಾಗುತ್ತಿರಲಿಲ್ಲ. ಅವನನ್ನು ಕೂರಿಸಿ ಊರಿನ ಸುದ್ದಿ ಕೇಳತೊಡಗಿದಳು.

ಕಡಲಿಗೆ ಕಟ್ಟೆ ಹಾಕುವ ಮುನ್ನ ಹಿರಿಯರು ಬುಟ್ಟಿಬುಟ್ಟಿ ಜೇಡಿಮಣ್ಣು ಹೊತ್ತು ದಿಬ್ಬ ಮಾಡಿ, ಅದರ ಮೇಲೆ ಊರು ಕಟ್ಟಿದರಂತೆ. ದಿಬ್ಬದ ನೆತ್ತಿಯಲ್ಲಿ ಚರ್ಚು. ಅದರ ಗೋಪುರ ಒಂದು ಕಡೆಗೆ ವಾಲಿದೆ. ದೊಡ್ಡ ನೆರೆ ಬಂದಾಗ ಊರವರೆಲ್ಲ ದನಕರುಗಳ ಸಮೇತ ಚರ್ಚಿನೊಳಗೇ ಸೇರಿ ಜೀವ ಉಳಿಸಿಕೊಂಡರು. ನೀರು ಏರಿದ ಮಟ್ಟವನ್ನು ಗೋಡೆಯಲ್ಲಿ ಕೊರೆದಿದ್ದಾರೆ. ಕೆಳಗೆ ಕಾಲುವೆ, ಎತ್ತಿ ಇಳಿಸುವ ಮರದ ಸೇತುವೆ, ಆಚೆ ನೀರೆತ್ತುವ ಗಾಳಿಗಿರಣಿ. ಗಿರಣಿಯ ಪಕ್ಕದ್ದೇ ಅವನ ಮನೆ. ಹೇಳುತ್ತ ಹೇಳುತ್ತ ಮುದುಕ ತಣ್ಣಗಾಗಿ ಸೂಪು ಕುಡಿಯುತ್ತಿದ್ದ.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಬಸಮ್ಮ ಮಾತ್ರೆ ಹಂಚುವ ಗಡಿಬಿಡಿಯಲ್ಲಿದ್ದಳು. "ಗಿರಣಿಗೆ ಯಾವ ಕಡೆ?" ಎಂದು ವೀಬ ಕೇಳಿದ.

"ಚರ್ಚು ದಾಟಿ ಕೆಳಗಿಳೀರಿ ಅಜ್ಜಾ. ನೀರು ಸಿಗುತ್ತೆ. ನೀರಿನ ದಂಡೆ ಹಿಡಿದು ಹೋದ್ರೆ ಗಿರಣಿ," ಎಂದು ಅವನೂರಿನ ದಾರಿಯನ್ನೇ ಹೇಳಿದಳು, ತಲೆಯೆತ್ತದೆ.

ಬಟ್ಟೆ ಒಗೆಯಲು ಒಯ್ಯುವವನು ಬಾಗಿಲು ತೆರೆದಿಟ್ಟಿದ್ದ. ಮುದುಕ ಇಲ್ಲವೆಂದು ತಿಳಿಯುವಷ್ಟರಲ್ಲಿ ಹೊತ್ತು ಇಳಿದಿತ್ತು. ಪೊಲೀಸರು ಬಸ್‌ಸ್ಟಾಪುಗಳಲ್ಲಿ ಹುಡುಕುತ್ತಿದ್ದರೆ ಬಸಮ್ಮನಿಗೆ ತಾನು ಹೇಳಿದ ದಾರಿ ನೆನಪಾಯಿತು. ರಸ್ತೆಯ ತುದಿಯಲ್ಲೂ ಒಂದು ಚರ್ಚಿದೆ. ಅದರಾಚೆ ಇಳಿಜಾರು, ಪಾರ್ಕಿನಲ್ಲಿ ಹಳ್ಳ, ಹಳ್ಳದ ಮೇಲ್ಗಡೆ ನೀರಿನಿಂದ ತಿರುಗುವ ಹಳೇ ಗಿರಣಿ! ಕೋಟನ್ನೂ ಹಾಕದೆ ಓಡಿದಳು.

ವೀಬ ಗಿರಣಿಯ ಕೊಳದಲ್ಲಿ ಮೊಣಕಾಲುಮಟ್ಟ ನೀರಿನಲ್ಲಿ ನಿಂತು ಗಡಗಡ ನಡುಗುತ್ತಿದ್ದ. "ಅಮ್ಮ ಬಾಗಿಲು ತೆಗೀತಿಲ್ಲ," ಎಂದ. ಅವಳು ನೀರಿಗಿಳಿದು, ತಬ್ಬಿ ಹಿಡಿದು ದಡಕ್ಕೆ ತಂದಳು.

ಆಸ್ಪತ್ರೆಯಲ್ಲಿ ನ್ಯುಮೋನಿಯಾ ಎಂದರು. ದಾರಿ ಹೇಳಿದ್ದು ನಾನೇ ಎಂದು ಬಸಮ್ಮ ಮ್ಯಾನೇಜರಿಗೆ ತಾನಾಗಿಯೇ ತಿಳಿಸಿದಳು. ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಬೇಡ ಎಂದರು.

"ಬಾಗಲಾ ತೆಗೆದಿಟ್ಟಾಂವ ಬ್ಯಾರೇ. ನೀ ಯಾಕ ಮೈಮ್ಯಾಲೆ ಎಳಕೊಂಡಿ?" ಎಂದ ಗಂಡ ಕರಬಸಪ್ಪ.

"ಬಾಗಲಾ ತೆಗದಾಂವ ಅವನಽ ಇರಬಹುದು ಬಿಡ್ರಿ. ಊರು ಇಲ್ಲೇ ಐತಿ ಅಂತ ನಂಬ್ಸಿದಾಕಿ ನಾ ಅಲ್ಲೇನ್ರಿ?"

ಹತ್ತೇ ದಿನಕ್ಕೆ ವೀಬ ತೀರಿಕೊಂಡ. ಅಂತ್ಯಸಂಸ್ಕಾರಕ್ಕೆ ಹೋದ ಬಸಮ್ಮ ಹಿಂದಿನ ಸಾಲಿನಲ್ಲಿ ಕುಳಿತಳು. ಮುಗಿದ ಮೇಲೆ ಅವನ ಮಗಳು ಮಾರ್ಗರೆಟ್ ನೇರವಾಗಿ ಅವಳತ್ತ ಬಂದಳು.

"ಆ ಊರಿನ ಬಗ್ಗೆ ಅಪ್ಪ ನಿಮಗೆ ಏನೇನು ಹೇಳಿದ್ರು?"

ಬಸಮ್ಮ ದಿಬ್ಬ, ವಾಲಿದ ಗೋಪುರ, ನೆರೆಯ ಕಥೆ ಎಲ್ಲವನ್ನೂ ಹೇಳಿದಳು. ಮಾರ್ಗರೆಟ್‌ಳ ಮುಖ ಬಿಗಿದುಕೊಳ್ಳುತ್ತ ಹೋಯಿತು.

"ಚಿಕ್ಕವಳಿದ್ದಾಗ ನಾನು ಎಷ್ಟು ಸಲ ಕೇಳಿದ್ದೆ. ನನಗೆ ಒಂದು ಮಾತೂ ಹೇಳಲಿಲ್ಲ," ಎಂದಳು. ಬಸಮ್ಮ ಕೈ ಮುಂದೆ ಚಾಚಿದಳು. ಮಾರ್ಗರೆಟ್ ಅದನ್ನು ನೋಡಿದಳು, ಹಿಡಿಯಲಿಲ್ಲ. ಕಾರಿನ ಕಡೆ ನಡೆದುಬಿಟ್ಟಳು.