ಮಸಿ ತಗಡು ಹೇಳಿದ್ದು

ಬೆಳಿಗ್ಗೆ ಕೆಲಸಕ್ಕೆ ಬಂದವನೇ, ಯಾರೊಡನೆಯೂ ಮಾತಾಡುವ ಮೊದಲು, ಮಸಿಯಣ್ಣ ಒಂದು ತಗಡನ್ನು ಸೀಮೆಎಣ್ಣೆ ದೀಪದ ಹೊಗೆಗೆ ಹಿಡಿದು ಕಪ್ಪು ಮಾಡುತ್ತಿದ್ದ. ಪರೀಕ್ಷೆ ಇರಲಿ ಬಿಡಲಿ, ತಗಡು ಸಿದ್ಧ. ಮೂವತ್ತೊಂದು ವರ್ಷದ ಆ ನಿಷ್ಠೆಗೆ ಪ್ರಯೋಗಾಲಯ ಕೊಟ್ಟ ಬಿರುದೇ ಆ ಹೆಸರು. ಸಂಬಳದ ಚೀಟಿಯಲ್ಲಿ ಬರೀ ಫಿಟ್ಟರ್ ಎಂದಿತ್ತು.

ಅಲ್ಲಿನ ಕೆಲಸ ಕೇಳಲು ಸರಳ. ಕೊಳವೆಯೊಳಗೆ ಶಬ್ದಕ್ಕಿಂತ ಎರಡು ಪಟ್ಟು ವೇಗದಲ್ಲಿ ಗಾಳಿ ನುಗ್ಗಿಸಬೇಕು, ಅದಕ್ಕೆ ದ್ರವ ಇಂಧನ ಸಿಂಪಡಿಸಿ ಕಿಡಿ ಕೊಡಬೇಕು. ಇಂಧನ ಸುಮ್ಮನೆ ಉರಿದರೆ ಸಾಲದು. ಸ್ಫೋಟದ ಅಲೆಯೊಂದು ಹುಟ್ಟಿ ಆ ಗಾಳಿಗೆ ಎದೆಯೊಡ್ಡಿ ನಿಲ್ಲಬೇಕು. ನಿಂತರೆ ಹೊಸ ಬಗೆಯ ಎಂಜಿನ್. ಒಂಬತ್ತು ವರ್ಷದಿಂದ ಅಲೆ ನಿಂತಿರಲಿಲ್ಲ. ಅದರ ಬಗ್ಗೆ ಬರೆದ ವರದಿಗಳು ಮಾತ್ರ ಎರಡು ಕಪಾಟಿನಲ್ಲಿ ಭದ್ರವಾಗಿ ನಿಂತಿದ್ದವು.

ಅಲೆ ಹಾದರೆ ಕೊಳವೆಯೊಳಗಿಟ್ಟ ತಗಡಿನ ಮಸಿಯಲ್ಲಿ ಮೀನಿನ ಹುರುಪೆಯಂಥ ಗೆರೆಗಳು ಮೂಡುತ್ತವೆ. ಬರೀ ಬೆಂಕಿ ಹಾದರೆ ಮಸಿ ಅಳಿಸಿಹೋಗುತ್ತದೆ, ಅಷ್ಟೇ.

ಒಂದು ಮಂಗಳವಾರ ಪರೀಕ್ಷೆಯಲ್ಲಿ ಭಾರಿ ಸದ್ದಾಯಿತು. ಕಿಟಕಿಗಳು ನಡುಗಿದವು, ನಿರ್ದೇಶಕರ ಚಹಾ ಚೆಲ್ಲಿತು. ವಿಜ್ಞಾನಿಗಳು ಒಬ್ಬರ ಕೈ ಒಬ್ಬರು ಕುಲುಕಿದರು. ವೇಗ ಅಳೆಯುವ ತಂತಿ ಆ ಕ್ಷಣದಲ್ಲೇ ಕಡಿದುಹೋದದ್ದನ್ನೂ ಯಶಸ್ಸಿನ ಲೆಕ್ಕಕ್ಕೇ ಸೇರಿಸಿದರು. ಗುರುವಾರ ಮೇಲಿನವರು ಬರುವವರಿದ್ದರು. ಅವರ ಮುಂದೆ ದೊಡ್ಡ ಕೊಳವೆಯಲ್ಲಿ ಮೂರು ಪಟ್ಟು ಇಂಧನ ಹಾಕಿ ತೋರಿಸುವುದೆಂದು ತೀರ್ಮಾನವಾಯಿತು. ಆ ಕೊಳವೆಯ ಬಾಲದ ಬಳಿ ನಿಂತು ಕವಾಟ ತಿರುಗಿಸುವವಳು ಮಸಿಯಣ್ಣನ ತಂಗಿಯ ಮಗಳು. ಕೆಲಸ ಕಲಿಸಿದವನೂ ಅವನೇ.

ಮಸಿಯಣ್ಣ ತಗಡು ಬಿಚ್ಚಿ ನೋಡಿದ. ಹುರುಪೆ ಇಲ್ಲ, ಒರೆಸಿದ ಹಲಗೆಯಂತೆ ಬೋಳು. ಕಣ್ಣನ್ನು ದೇವರು ಎಲ್ಲರಿಗೂ ಕೊಟ್ಟಿದ್ದ, ಬಗ್ಗುವ ಸೊಂಟವನ್ನು ಮಾತ್ರ ಫಿಟ್ಟರಿಗೇ ಕೊಟ್ಟಿದ್ದನೇನೋ. ಬಗ್ಗಿ, ಅಂದು ಪರೀಕ್ಷಿಸಿದ ಕೊಳವೆಯ ಬಾಲದ ತಿರುವಿಗೆ ಟಾರ್ಚ್ ಬಿಟ್ಟ. ಆವಿಯಾಗದ ಇಂಧನ ಅಲ್ಲಿ ಮಡುಗಟ್ಟಿ, ಅಲ್ಲೇ ಸಿಡಿದು, ಬೆಸುಗೆಯನ್ನು ಗೇಣುದ್ದ ಸೀಳಿತ್ತು. ಎಲ್ಲರೂ ಕೇಳಿದ ಸದ್ದು ಅದರದೇ, ಮೂರು ಪಟ್ಟು ಇಂಧನವಾದರೆ ಬಾಲವೇ ಹಾರಿಹೋದೀತು.

ತಗಡು ಬಿಚ್ಚಿದವನ ಸಹಿ ಇಲ್ಲದೆ ಮುಂದಿನ ಪರೀಕ್ಷೆ ನಡೆಸುವಂತಿರಲಿಲ್ಲ. ನಿರ್ದೇಶಕರು ಸಹಿಯ ಪುಸ್ತಕ ಹಿಡಿದು ತಾವೇ ಅವನಿದ್ದಲ್ಲಿಗೆ ಬಂದರು, ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ.

"ತಗಡು ಹಳೇ ಕಾಲದ್ದಪ್ಪ. ಸದ್ದು ನಾವೆಲ್ಲ ಕೇಳಿದ್ವಲ್ಲ?"

"ಕೇಳ್ತು ಸಾರ್. ಅಡುಗೆಮನೇಲಿ ಪಾತ್ರೆ ಬಿದ್ರೂ ಕೇಳುತ್ತೆ. ಅಡುಗೆ ಆಯ್ತು ಅಂತಲ್ಲ."

ಸೀಳಿದ ಬೆಸುಗೆಯನ್ನೂ ತೋರಿಸಿದ. ಅವರು ಬಗ್ಗಲಿಲ್ಲ, ಇಸ್ತ್ರಿ ಮಾಡಿದ ಪ್ಯಾಂಟು. ದನಿ ತಗ್ಗಿಸಿದರು.

"ನಿನ್ನ ಚಿಂತೆ ಗೊತ್ತಾಯ್ತು. ನಿನ್ನ ತಂಗಿ ಮಗಳನ್ನ ನಾಳೆಯಿಂದಲೇ ಆಫೀಸ್ ಕೆಲಸಕ್ಕೆ ಹಾಕಿಸ್ತೀನಿ. ಫ್ಯಾನ್ ಕೆಳಗೆ ಕೂತಿರಲಿ. ಸಹಿ ಹಾಕು."

ಮಸಿಯಣ್ಣ ಕೈ ಒರೆಸಿಕೊಂಡ. ಒಂದು ಗಳಿಗೆ ಆಸೆಯಾಗದೆ ಇರಲಿಲ್ಲ.

"ಬೇಡ ಸಾರ್. ಅವಳ ಜಾಗಕ್ಕೆ ಬರೋಳಿಗೂ ಒಬ್ಬ ಮಾವ ಇರ್ತಾನೆ," ಎಂದು ಪುಸ್ತಕವನ್ನು ಸಹಿಯಿಲ್ಲದೆ ಅವರತ್ತ ಸರಿಸಿದ.