"ಕೈ ಆಡಸ್ರಿ" ಅಂದಿದ್ದ ಮುನೀರಾ

ಬೆಳಗಿನ ಆರು ಗಂಟೆ. ಮೋಮಿನಪುರದ ಒಂದು ಕೋಣೆಯ ಮನೆಯಲ್ಲಿ ಮುನೀರಾ ರವಿಕೆಯ ಹುಕ್ಕುಗಳನ್ನು ಇಕ್ಕಳದಿಂದ ಬಗ್ಗಿಸುತ್ತಿದ್ದಾರೆ. ಇವು ಯಾವ ರವಿಕೆಗೂ ಹೋಗುವುದಿಲ್ಲ. ಒಂಬತ್ತರ ಹೊತ್ತಿಗೆ ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ರೋಗಿಗಳ ಉಗುರಿಗೆ ಅಂಟುತ್ತವೆ.

ಕುಡುಗೋಲು, ಗಾಜು, ಯಂತ್ರ ತಗುಲಿ ಬೆರಳಿನ ಸ್ನಾಯುರಜ್ಜು ತುಂಡಾದವರು ಇಲ್ಲಿಗೆ ಬರುತ್ತಾರೆ. ಜನ ಅದನ್ನು ನರ ಎನ್ನುತ್ತಾರೆ. ಅಂಗೈಯೊಳಕ್ಕೆ ಸರಿದ ತುದಿಯನ್ನು ಡಾ. ನೀಲಕಂಠ ಹುಡುಕಿ ಎಳೆದು, ಸಣ್ಣ ದಾರದಿಂದ ನಾಲ್ಕೆಳೆಯ ಒಳಹೊಲಿಗೆ ಹಾಕಿ, ಸುತ್ತಲೂ ಅಂಚು ಹೊಲಿಯುತ್ತಾರೆ. "ನನ್ನ ಕೆಲಸ ಎರಡು ತಾಸಿಂದು. ಮುಂದಿನ ಆರು ವಾರ ಮುನೀರಾ ಅವರದು," ಎನ್ನುತ್ತಾರೆ.

ಮೊದಲು ಬಟ್ಟೆ ಹೊಲಿಯುತ್ತಿದ್ದ ಮುನೀರಾ ಹನ್ನೊಂದು ವರ್ಷದಿಂದ ಇಲ್ಲಿ ದಿನಕ್ಕೆ ನಾಲ್ಕೈದು ಆಸರೆ ಪಟ್ಟಿ ಕಟ್ಟುತ್ತಾರೆ. ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಲ್ಲಿ ಮೆತ್ತಗೆ ಮಾಡಿ ಕೈಯ ಹಿಂಬದಿಗೆ ಕೂರಿಸಿ, ಉಗುರಿನ ಹುಕ್ಕಿನಿಂದ ಮಣಿಕಟ್ಟಿಗೆ ರಬ್ಬರ್ ಎಳೆದು ಕಟ್ಟುತ್ತಾರೆ. ಬೆರಳನ್ನು ರೋಗಿ ನೆಟ್ಟಗೆ ಮಾಡಬೇಕು, ಮಡಚುವುದು ರಬ್ಬರಿನ ಕೆಲಸ. ಅಲುಗಾಡದಿದ್ದರೆ ಹೊಲಿದ ರಜ್ಜು ಒಳಗೇ ಅಂಟಿಕೊಳ್ಳುತ್ತದೆ. ಬಲ ಹಾಕಿದರೆ ಹರಿಯುತ್ತದೆ.

ಎರಡು ವರ್ಷದ ಹಿಂದೆ ಕಮಲಾಪುರದ ಕಸ್ತೂರಿಬಾಯಿ ಬಂದರು. ಬಾಳೆಗೊನೆ ಕಡಿಯುವಾಗ ಕುಡುಗೋಲು ತೋರುಬೆರಳಿಗೆ ಬಿದ್ದಿತ್ತು. ಹೊಲಿಗೆಯಾಗಿ, ಪಟ್ಟಿ ಕಟ್ಟಿ ಮನೆಗೆ ಕಳಿಸುವಾಗ ಮುನೀರಾ ಹೇಳಿದ್ದು ಒಂದೇ ಮಾತು: "ದಿನಾ ಕೈ ಆಡಸ್ರಿ, ಅಕ್ಕಾ."

ಕಸ್ತೂರಿಬಾಯಿ ಆಡಿಸಿದರು. ಅವರ ಅಡುಗೆಮನೆಯಲ್ಲಿ ಕೈ ಆಡಿಸುವುದೆಂದರೆ ಗಡಿಗೆಯಲ್ಲಿ ಸವಟು ತಿರುವುವುದು. ಪಟ್ಟಿ ಅಡ್ಡ ಬಂತು, ಬಿಚ್ಚಿಟ್ಟರು. ಮೂರನೇ ವಾರ ಜೋಳದ ನುಚ್ಚು ತಿರುವುವಾಗ ಹೊಲಿಗೆ ಹರಿಯಿತು. ನೋವು ಹೆಚ್ಚಿರಲಿಲ್ಲ. ದವಾಖಾನೆಗೆ ಮರಳಿದ್ದು ಎರಡು ತಿಂಗಳ ಮೇಲೆ. ಅಷ್ಟರಲ್ಲಿ ತುದಿಗಳು ದೂರ ಸರಿದಿದ್ದವು. ಮುಂಗೈಯಿಂದ ಬೇರೆ ರಜ್ಜು ತೆಗೆದು ಕಸಿ ಮಾಡಲು ಇನ್ನೆರಡು ಶಸ್ತ್ರಚಿಕಿತ್ಸೆ ಬೇಕಿತ್ತು. ಅವರು ಒಲ್ಲೆ ಎಂದರು.

"ನಮ್ಮ ಮನ್ಯಾಗ ಉರ್ದು ರೀ. ಕನ್ನಡ ನಾ ಕಲ್ತಿದ್ದು ವಾರ್ಡಿನ್ಯಾಗ. ಅಡಿಗಿಮನಿ ಕನ್ನಡ ನನಗೆಲ್ಲಿ ಗೊತ್ತು? ಕೇಳಬೇಕಿತ್ತು, ಕೇಳಲಿಲ್ಲ. ಗಲತಿ ನಂದೇ," ಎನ್ನುತ್ತಾರೆ ಮುನೀರಾ.

ಹೋದ ತಿಂಗಳು ಒಂದು ಭಾನುವಾರ ಆ ಶಸ್ತ್ರಚಿಕಿತ್ಸೆಗೆ ಒಪ್ಪಿಸಲು ಮತ್ತೆ ಬಸ್ಸು ಹತ್ತಿ ಕಮಲಾಪುರಕ್ಕೆ ಹೋಗಿದ್ದರು. ಕಸ್ತೂರಿಬಾಯಿ ಮಡಚದ ಬೆರಳನ್ನು ಮುಂದೆ ಹಿಡಿದು ನಕ್ಕರಂತೆ. "ಆಪಾ, ಯಾರ ಜೋಡಿ ಮಾತಾಡಿದ್ರೂ ಬೆರಳ ಮಾಡಿ ತೋರ್ಸಿದಂಗ ಆಗ್ತದ. ನೆಗೆಣ್ಣಿ ಸಿಟ್ಟಾಗಿ ಮಾತೇ ಬಿಟ್ಟಾಳ. ಒಂದು ಪೀಡಾ ಹೋತು! ಮತ್ತ ಕೊಯ್ಸ್ಕೊಳ್ಳೋದು ಮಾತ್ರ ಬ್ಯಾಡ." ಹೊರಡುವಾಗ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಕೈಗಿಟ್ಟರು.

ಈಗ ಪಟ್ಟಿ ಕಟ್ಟಿದ ಮೇಲೆ ಮುನೀರಾ ಯಾರನ್ನೂ ಹಾಗೇ ಕಳಿಸುವುದಿಲ್ಲ. "ಮನಿಗಿ ಹೋಗಿ ಏನ್ ಮಾಡ್ತೀರಿ? ನನ್ನ ಮುಂದ ಮಾಡಿ ತೋರಸ್ರಿ."

ನಿಮಗೇನು ಆಸೆ ಎಂದು ಕೇಳಿದರೆ ಹುಕ್ಕಿನ ಡಬ್ಬಿ ಮುಚ್ಚುತ್ತಾರೆ. "ಕಸ್ತೂರಿ ಅಕ್ಕ ಒಂದ್ಸಲ ನನಗ ಬೈಬೇಕ್ರಿ. ಹಣ್ಣು ಕೊಟ್ಟು ಕಳಿಸ್ಯಾಳ. ಹ್ಯಾಂಗ ಗಂಟಲ್ದಾಗ ಇಳೀಬೇಕು?"