‘ಭಾವಪೂರ್ಣ ಶ್ರದ್ಧಾಂಜಲಿ’ಯ ಮೇಲೆ ನನ್ನ ಫೋಟೋ

ಶಿವನಿ ಊರಿನ ಶಾಲೆಯಲ್ಲಿ ಪಾಠ ಮುಗಿಸಿ ಸಂಜೆ ರೈಲಿನಲ್ಲಿ ಕಡೂರಿಗೆ ವಾಪಸಾಗುವಾಗ ನಾನು ಫೋನ್ ಮುಟ್ಟುವುದೇ ಇಲ್ಲ. ದಿನವೆಲ್ಲ ಮಕ್ಕಳೊಂದಿಗೆ ಕೂಗಾಡಿ ಗಂಟಲು ಕಟ್ಟಿರುತ್ತದೆ, ಕಾಲು ಊದಿಕೊಂಡಿರುತ್ತದೆ. ಕಿಟಕಿ ಪಕ್ಕ ಸೀಟು ಸಿಕ್ಕಿ ಕಣ್ಣು ಮುಚ್ಚಿಕೊಂಡರೆ ಸಾಕಪ್ಪ ಅನ್ನಿಸುತ್ತದೆ. ಅವತ್ತು ಅಜ್ಜಂಪುರ ದಾಟುವ ಹೊತ್ತಿಗೆ ಬ್ಯಾಗಿನೊಳಗೆ ಫೋನು ಬಿಡದೆ ಗುರ್ ಅನ್ನತೊಡಗಿತು. ಇಲಾಖೆಯವರು ಮತ್ತೇನೋ ಮಾಹಿತಿ ಕೇಳುತ್ತಿದ್ದಾರೆ ಅಂದುಕೊಂಡು ತೆಗೆದೆ. ಇಲಾಖೆಯದಲ್ಲ, ನಮ್ಮ ಹೈಸ್ಕೂಲು ಸಹಪಾಠಿಗಳ ವಾಟ್ಸಾಪ್ ಗುಂಪು. ಅದರಲ್ಲಿ ನನ್ನದೇ ಫೋಟೋ. ತಂಗಿಯ ಮಗಳ ಮದುವೆಯಲ್ಲಿ ತೆಗೆಸಿಕೊಂಡದ್ದು. ಸುತ್ತ ಚೆಂಡುಹೂವಿನ ಅಂಚು, ಎರಡು ಕಡೆ ಉರಿಯುವ ದೀಪ, ಕೆಳಗೆ ‘ಭಾವಪೂರ್ಣ ಶ್ರದ್ಧಾಂಜಲಿ’.

ಮೊದಲು ನಗು ಬಂತು. ಎದುರಿಗೆ ಕೂತಿದ್ದ ಹೆಂಗಸು ನನ್ನನ್ನೇ ನೋಡಿದಳು. ಆಮೇಲೆ ಓದುತ್ತಾ ಹೋದೆ. ಓಂ ಶಾಂತಿ, ಓಂ ಶಾಂತಿ, ಮುಗಿದ ಕೈಗಳು, ಮತ್ತೆ ಓಂ ಶಾಂತಿ. ಶಾಲೆಯಲ್ಲಿ ನನ್ನೊಂದಿಗೆ ಒಂದು ಮಾತೂ ಆಡದವನೊಬ್ಬ ‘ನಗುಮುಖದ ಸಹೋದರಿ’ ಎಂದು ಬರೆದಿದ್ದ. ಒಬ್ಬಳು ‘ಎಲ್ಲರಿಗೂ ಬೇಕಾದವಳು’ ಎಂದಿದ್ದಳು. ನಾನು ಸತ್ತರೆ ಜನ ಏನನ್ನುತ್ತಾರೆ ಎಂಬ ಕುತೂಹಲ ನನಗೂ ಇತ್ತೆಂದು ಆಗಲೇ ಗೊತ್ತಾದದ್ದು. ಓದಿ ಮುಗಿಸುವಷ್ಟರಲ್ಲಿ ಅದೂ ಸಾಕಾಯಿತು. ಯಾರಿಗೆ ಬೇಕಾದರೂ ಹೊಂದುವ ಆ ಮಾತುಗಳಲ್ಲಿ ನಾನು ಎಲ್ಲೂ ಇರಲಿಲ್ಲ. ಒಬ್ಬ ಮಾತ್ರ, ‘ಎಂಥ ಕಂಠ! ದಿನಾ ಪ್ರಾರ್ಥನೆ ಹಾಡುತ್ತಿದ್ದಳು’ ಎಂದು ಬರೆದಿದ್ದ. ನಾನು ಜನ್ಮದಲ್ಲಿ ಹಾಡಿದವಳಲ್ಲ.

ಆಗ ಹೊಳೆಯಿತು. ನಮ್ಮ ತರಗತಿಯಲ್ಲಿ ನನ್ನದೇ ಹೆಸರಿನ ಇನ್ನೊಬ್ಬಳಿದ್ದಳು. ಹಾಡುತ್ತಿದ್ದವಳು ಅವಳು. ಮದುವೆಯಾಗಿ ಹಿರೇನಲ್ಲೂರಿಗೆ ಹೋದವಳು. ಈ ಗುಂಪಿನಲ್ಲಿ ಅವಳಿರಲಿಲ್ಲ. ಸುದ್ದಿ ತಿಳಿದ ಯಾರೋ ಹೆಸರು ಹುಡುಕಿ, ಸಿಕ್ಕ ಮುಖವನ್ನು ದೀಪಗಳ ನಡುವೆ ಕೂರಿಸಿಬಿಟ್ಟಿದ್ದರು.

‘ನಾನು ಬದುಕಿದ್ದೇನೆ. ತೀರಿಕೊಂಡವರು ಹಿರೇನಲ್ಲೂರಿನವರು’ ಎಂದು ಬರೆದು ಕಳಿಸಿದೆ. ಅದರ ಕೆಳಗೂ ಓಂ ಶಾಂತಿ ಬರುತ್ತಲೇ ಇತ್ತು. ಒಬ್ಬರಂತೂ ನಾನು ಬದುಕಿದ್ದೇನೆ ಎಂಬ ಮಾತಿಗೇ ಕೈಮುಗಿದ ಚಿತ್ರ ಅಂಟಿಸಿದರು. ಇನ್ನೊಮ್ಮೆ ಬರೆಯುವ ಚೈತನ್ಯ ನನಗಿರಲಿಲ್ಲ.

ಮನೆಗೆ ಬಂದರೆ ಗಂಡ ಬಾಗಿಲಲ್ಲೇ ನಿಂತಿದ್ದರು.

“ಯಾರೋ ಫೋನ್ ಮಾಡಿ ಎಷ್ಟೊತ್ತಿಗೆ ಎತ್ತೋದು ಅಂತ ಕೇಳಿದ್ರು ಕಣೇ. ಏನನ್ನ ಅಂತ ಕೇಳಿದ್ರೆ ಬಾಡೀನ ಅಂದ್ರು.”

“ನೀವೇನಂದ್ರಿ?”

“ಇನ್ನೂ ಸ್ಕೂಲಿಂದ ಬಂದಿಲ್ಲ ಅಂದೆ.”

ಇಬ್ಬರೂ ನಕ್ಕೆವು. ಕಾಫಿ ಅವರೇ ಮಾಡಿಕೊಟ್ಟರು. ಸಕ್ಕರೆ ಹಾಕಲು ಮರೆತಿದ್ದರು. ನಾನು ಹೇಳದೆ ಕುಡಿದೆ.

ಬೆಳಿಗ್ಗೆ ಅಂಗಳಕ್ಕೆ ನೀರು ಹಾಕುತ್ತಿದ್ದೆ. ಗೇಟಿನ ಹತ್ತಿರ ಆಟೋ ನಿಂತು, ಒಬ್ಬ ಹೆಂಗಸು ಬಾಳೆಲೆಯಲ್ಲಿ ಸುತ್ತಿದ ಹಾರ ಹಿಡಿದು ಇಳಿದಳು. ಹೈಸ್ಕೂಲಿನಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಿದ್ದವಳು. ಈಗ ತರೀಕೆರೆಯಲ್ಲಿ ಬಟ್ಟೆ ಹೊಲಿಯುತ್ತಾಳೆ. ಅವಳ ಸೊಸೆಯ ಫೋನಿಗೆ ಯಾರೋ ನನ್ನ ಫೋಟೋ ಕಳಿಸಿದ್ದರಂತೆ. ನನ್ನನ್ನೂ ನನ್ನ ಕೈಯಲ್ಲಿದ್ದ ಬಕೆಟ್ಟನ್ನೂ ನೋಡಿದವಳೇ ಮೆಟ್ಟಿಲ ಮೇಲೆ ಕುಸಿದಳು.

“ಲೇ, ಸತ್ತೋದೆ ಅಂದ್ರಲ್ಲೇ! ದಾರಿ ಉದ್ದಕ್ಕೂ ಅತ್ಕಂಡು ಬಂದೆ ಕಣೇ, ಬಸ್ಸಲ್ಲಿ ಎಲ್ರೂ ನನ್ನೇ ನೋಡ್ತಿದ್ರು.”

ನಾನು ಬಕೆಟ್ ಇಟ್ಟು ಅವಳ ಪಕ್ಕ ಕೂತೆ. ಅವಳು ನನ್ನ ಬೆನ್ನಿಗೊಂದು ಗುದ್ದಿ, ಮತ್ತೆ ಅತ್ತಳು. ನನಗೂ ಅಳು ಬಂತು. ಎಷ್ಟು ವರ್ಷವಾಗಿತ್ತು ಅವಳನ್ನು ನೋಡಿ! ರೈಲು, ಶಾಲೆ, ಮನೆ ಅನ್ನುತ್ತಲೇ ಕಳೆದಿದ್ದೆ. ತರೀಕೆರೆಯೇನು ದೂರದ ಊರಲ್ಲ.

ನಡೆದದ್ದನ್ನೆಲ್ಲ ಹೇಳಿದೆ. ತಿಂಡಿ ತಿಂದ ಮೇಲೆ ಅವಳು ಹಾರದ ಕಡೆ ನೋಡಿ, “ಹಂಗಾದ್ರೆ ಅವಳ ಮನೆಗೆ ಯಾರೂ ಹೋಗಿರಲ್ಲ ಅಲ್ವೇನೇ?” ಎಂದಳು. ನಾನು ಶಾಲೆಗೆ ರಜೆ ಹೇಳಿದೆ. ಇಬ್ಬರೂ ಹಿರೇನಲ್ಲೂರಿನ ಬಸ್ಸು ಹತ್ತಿದೆವು.

ನಡುಮನೆಯಲ್ಲಿ ಅವಳನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಯ ತುಂಬ ವಿಭೂತಿ. ಗಲ್ಲ ನೋಡಿ ಗುರುತು ಹಿಡಿದೆ. ಅಕ್ಕಪಕ್ಕದ ಮನೆಯವರು, ಒಂದಿಷ್ಟು ನೆಂಟರು. ಶಾಲೆಯ ಕಡೆಯವರು ನಾವಿಬ್ಬರೇ. ಗೆಳತಿ ಹಾರ ಹಾಕಿದಳು. ತೀರಿಕೊಂಡವಳ ಗಂಡ ಎದ್ದು ಬಂದು, “ಯಾರಮ್ಮ ನೀವು?” ಎಂದರು.

“ಅವಳ ಜೊತೆ ಓದಿದೋರು. ದಿನಾ ಪ್ರಾರ್ಥನೆ ಅವಳೇ ಹಾಡ್ತಿದ್ಲು” ಎಂದೆ.

ತಾಯಿಯ ಕಾಲ ಬಳಿ ಕೂತಿದ್ದ ಮಗಳು ತಲೆ ಎತ್ತಿದಳು. ಮದುವೆಯಾದ ಹೆಣ್ಣು, ಮಡಿಲಲ್ಲಿ ಮಗು.

“ನಮ್ಮಮ್ಮ ಹಾಡ್ತಿದ್ರಾ?”

“ನಿಂಗೆ ಗೊತ್ತಿಲ್ವೇನಮ್ಮ?”

“ಒಂದಿನಾನೂ ಕೇಳಿಲ್ಲ ಕಣ್ರೀ.” ಅವಳು ಅಪ್ಪನ ಕಡೆ ನೋಡಿದಳು. ಅವರು ಟವಲಿನಿಂದ ಬಾಯಿ ಒರೆಸಿಕೊಂಡು, “ನಂಗೂ ಗೊತ್ತಿರ್ಲಿಲ್ಲ” ಎಂದರು. “ಕೇಳೂ ಇರ್ಲಿಲ್ಲ.”

“ಹೆಂಗಿತ್ತು, ಅಮ್ಮನ ದನಿ?” ಮಗಳು ನಮ್ಮಿಬ್ಬರನ್ನೂ ಕೇಳಿದಳು.

ಎಷ್ಟು ಕೆದಕಿದರೂ ನನಗೆ ಹಾಡಿನ ಒಂದು ಸಾಲೂ ನೆನಪಾಗಲಿಲ್ಲ. ಗೆಳತಿಯೇ ಹೇಳಿದಳು: “ಸಣ್ಣ ದನಿ ಕಣವ್ವ, ಆದ್ರೆ ಕಟ್ಟಕಡೆ ಸಾಲಿಗೂ ಕೇಳ್ಸದು. ಗಲಾಟೆ ಮಾಡೋ ಹುಡುಗ್ರೂ ಸುಮ್ನಾಗೋರು. ನಮ್ ಡ್ರಿಲ್ ಮೇಷ್ಟ್ರು ಮಹಾ ಕೋಪಿಷ್ಠ್ರು, ಅವ್ರೂ ಕೋಲು ಕೆಳಗಿಟ್ಟು ಕೇಳೋರು. ಒಂದ್ಸಲ ಜ್ವರ ಬಂದು ಅವಳು ಬರ್ಲಿಲ್ಲ. ಆವತ್ತು ಪ್ರಾರ್ಥನೆ ಅರ್ಧಕ್ಕೇ ನಿಂತೋಯ್ತು, ಯಾರಿಗೂ ಪೂರ್ತಿ ಬರ್ತಿರ್ಲಿಲ್ಲ.”

ಮಗಳು ಅದನ್ನೇ ಇನ್ನೊಮ್ಮೆ ಹೇಳಿಸಿಕೊಂಡಳು. ಅವಳ ಅಪ್ಪ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೇಳುತ್ತಿದ್ದರು. ಮಣ್ಣು ಮಾಡುವವರೆಗೂ ಇದ್ದೆವು.

ವಾಪಸು ಬಸ್ಸಿನಲ್ಲಿ ಗೆಳತಿ ನಿದ್ದೆ ಹೋದಳು. ನಾನು ಫೋನ್ ತೆರೆದೆ. ‘ಫೋಟೋ ತಪ್ಪಾಗಿದೆ, ಕ್ಷಮಿಸಿ’ ಎಂದು ಯಾರೋ ಬರೆದಿದ್ದರು. ಅದರ ಕೆಳಗೆ ಇನ್ನೊಬ್ಬರ ಹುಟ್ಟುಹಬ್ಬ ಶುರುವಾಗಿ, ಕೇಕು, ಬಲೂನು ಹಾರಾಡುತ್ತಿದ್ದವು. ಹಿರೇನಲ್ಲೂರಿನ ಸುದ್ದಿ ಬರೆಯೋಣವೆಂದು ಒಂದೆರಡು ಪದ ಒತ್ತಿ, ಅಳಿಸಿ, ಫೋನನ್ನು ಬ್ಯಾಗಿಗೆ ಹಾಕಿದೆ. ಯಾರ ಮೇಲೂ ಸಿಟ್ಟಿರಲಿಲ್ಲ. ಸಿಟ್ಟಿಗೂ ಒಂದಿಷ್ಟು ಶಕ್ತಿ ಬೇಕು.

ಕಡೂರಿನ ಸ್ಟ್ಯಾಂಡಿನಲ್ಲಿ ತರೀಕೆರೆ ಬಸ್ಸು ಹೊರಡಲು ಸಿದ್ಧವಾಗಿತ್ತು. ಗೆಳತಿ ಓಡಿ ಹತ್ತಿ, ಕಿಟಕಿಯಿಂದ ತಲೆ ಹೊರಹಾಕಿದಳು.

“ಭಾನುವಾರ ಬಾರೇ ಮನೇಗೆ. ಬತ್ತೀನಿ ಅಂತ ಹೇಳಿ ಸುಮ್ನಾಗ್ಬೇಡ.”

“ಬತ್ತೀನಿ ಕಣೇ” ಎಂದೆ. ಬಸ್ಸು ತಿರುಗಿಕೊಂಡು ಹೋಯಿತು. ಮನೆಗೆ ನಡೆಯುವ ಮೊದಲು ಸ್ವಲ್ಪ ಹೊತ್ತು ಕಲ್ಲುಬೆಂಚಿನ ಮೇಲೆ ಕೂತು, ಚಪ್ಪಲಿ ಬಿಚ್ಚಿ, ಕಾಲು ಚಾಚಿಕೊಂಡೆ.